ಎಲೀಯನಿಗೆ ಮೊದಲು ಸಿಕ್ಕಿದ್ದು ರೊಟ್ಟಿ

ಪ್ರೀತಿಯ ಮಗಳೇ,

"ಪ್ರಾರ್ಥನೆ ಮಾಡೋಕೂ ಆಗ್ತಿಲ್ಲ ಅಪ್ಪ, ಮೊಣಕಾಲೂರಿದರೆ ಬರೀ ಅಳು ಬರುತ್ತೆ" ಅಂದೆಯಲ್ಲ, ನೀನು ಪ್ರೀತಿಸಿದವನಿಂದ ದೂರವಾದ ಮೇಲೆ, ಅದಕ್ಕೇ ಈ ಪತ್ರ.

ಅಳು ಬಂದರೆ ಅತ್ತುಬಿಡು ಕಂದ. ಮುಖ ತೊಳೆದುಕೊಂಡು, ಮಾತು ಜೋಡಿಸಿಕೊಂಡೇ ದೇವರ ಮುಂದೆ ಬರಬೇಕು ಎಂದು ಎಲ್ಲೂ ಬರೆದಿಲ್ಲ. ಬೈಬಲಿನಲ್ಲಿ ಮಗುವಿಗಾಗಿ ಬೇಡಿದ ಹನ್ನ ಪ್ರಾರ್ಥಿಸುವಾಗ ತುಟಿ ಮಾತ್ರ ಅಲ್ಲಾಡುತ್ತಿತ್ತು, ದನಿ ಕೇಳಿಸುತ್ತಿರಲಿಲ್ಲ. ಯಾಜಕ ಏಲಿ ಅವಳು ಕುಡಿದು ಬಂದಿದ್ದಾಳೆ ಅಂದುಕೊಂಡ. ದೇವರಿಗೆ ಮಾತ್ರ ಅವಳ ಸಂಕಟ ಪೂರ್ತಿ ತಿಳಿಯಿತು. ನಿನ್ನದೂ ತಿಳಿಯುತ್ತದೆ.

ಪ್ರವಾದಿ ಎಲೀಯನ ಕಥೆ ನಿನಗೆ ಗೊತ್ತು. ಸಂಡೇ ಸ್ಕೂಲಿನಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿದ ಭಾಗವನ್ನೇ ಜಾಸ್ತಿ ಹೇಳುತ್ತಾರೆ. ನೀನು ಅದರ ಮುಂದಿನ ಅಧ್ಯಾಯ ಓದು, 1 ಅರಸುಗಳು 19. ಅಷ್ಟು ದೊಡ್ಡ ಪ್ರವಾದಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕು ಸ್ವಾಮಿ, ನನ್ನ ಪ್ರಾಣ ತೆಗೆದುಕೋ ಎಂದು ಬೇಡುತ್ತಾನೆ. ಹಾಗೇ ನಿದ್ದೆ ಹೋಗುತ್ತಾನೆ. ದೇವರು ಗದರಲಿಲ್ಲ, ಇಷ್ಟೇನಾ ನಿನ್ನ ನಂಬಿಕೆ ಎಂದು ಕೇಳಲಿಲ್ಲ. ದೂತನೊಬ್ಬ ಬಂದು ಮೈಮುಟ್ಟಿ, ಎದ್ದು ತಿನ್ನು ಅಂದ. ಕಣ್ಣು ಬಿಟ್ಟರೆ ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ಪಾತ್ರೆಯಲ್ಲಿ ನೀರು. ತಿಂದು, ಕುಡಿದು ಮತ್ತೆ ಮಲಗಿದ. ದೂತ ಎರಡನೇ ಸಲ ಬಂದು, ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂದ. ಇಲ್ಲೇನು ಮಾಡುತ್ತಿದ್ದೀ ಎಂದು ದೇವರು ಕೇಳಿದ್ದು 40 ದಿನ ನಡೆದು ಹೋರೇಬ್ ಬೆಟ್ಟ ಸೇರಿದ ಮೇಲೆ. ಅಲ್ಲಿಯವರೆಗೆ ಊಟ, ನಿದ್ದೆ, ನಡಿಗೆ, ಅಷ್ಟೇ. ನಿನಗೂ ಈಗ ಬೇಕಾದದ್ದು ಅದೇ. ಮುಂದಿನ ಜೀವನ ಹೇಗೆ ಅನ್ನುವ ಪ್ರಶ್ನೆಗೆ ಇವತ್ತೇ ಉತ್ತರ ಹುಡುಕಬೇಡ. ಹೊತ್ತಿಗೆ ಸರಿಯಾಗಿ ಎರಡು ತುತ್ತು ತಿನ್ನು.

ಇನ್ನು ಸಭೆಯಲ್ಲಿ ಯಾರಾದರೂ "ಎಲ್ಲಾ ದೇವರ ಚಿತ್ತ, ಇದಕ್ಕಿಂತ ಒಳ್ಳೆಯವನನ್ನು ಇಟ್ಟಿರುತ್ತಾನೆ" ಅನ್ನಬಹುದು. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದಕ್ಕೆ ತಲೆಯಾಡಿಸುವ ಹಂಗು ನಿನಗಿಲ್ಲ. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ ಅವನ ಜೊತೆ ಸುಮ್ನೆ ನೆಲದ ಮೇಲೆ ಕೂತಿದ್ದರು. ಅವರು ಮಾಡಿದ್ದರಲ್ಲಿ ಅದೇ ಒಳ್ಳೆಯ ಕೆಲಸ. ಆಮೇಲೆ ನಿನ್ನ ಪಾಪಕ್ಕೇ ಹೀಗಾಯಿತು ಎಂದು ಬಾಯಿ ಬಿಟ್ಟರು ನೋಡು, ಕೊನೆಗೆ ದೇವರಿಗೇ ಅವರ ಮೇಲೆ ಸಿಟ್ಟು ಬಂತು. ಇದು ನಿನಗೆ ಬಂದ ಶಿಕ್ಷೆ ಎಂದು ಯಾರು ಹೇಳಿದರೂ ಒಪ್ಪಬೇಡ. ತೀರಿಹೋಗಿದ್ದ ಗೆಳೆಯ ಲಾಜರನ ಸಮಾಧಿಯ ಹತ್ತಿರ ಯೇಸು ಸ್ವಾಮಿಯೇ ಅತ್ತರು. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನನ್ನು ಎಬ್ಬಿಸುತ್ತೇನೆ ಎಂದು ಗೊತ್ತಿದ್ದೂ ಅತ್ತರು. ನನಗೆ ಕಷ್ಟ ಬಂದಾಗಲೆಲ್ಲ ನಾನು ಹಿಡಿದುಕೊಳ್ಳುವುದು ಅದನ್ನೇ.

ನಿನ್ನ ಮನಸ್ಸು ನೋಯಿಸಿದವನನ್ನು ಕ್ಷಮಿಸಲೇಬೇಕಲ್ವಾ ಎಂದೂ ಕೇಳಿದ್ದೆ. ಹೌದು, ಒಂದು ದಿನ. ಈ ವಾರವೇ ಅಂತಲ್ಲ. ಕ್ಷಮಿಸಿದರೆ ಮತ್ತೆ ಅವನ ಹತ್ತಿರ ಹೋಗಬೇಕು ಅಂತಲೂ ಅಲ್ಲ. ಸಿಟ್ಟಿದ್ದರೆ ಸಿಟ್ಟನ್ನೇ ದೇವರಿಗೆ ಹೇಳು. 13ನೇ ಕೀರ್ತನೆಯಲ್ಲಿ ಇರುವುದೇ ಆರು ವಚನ. ಮೊದಲ ಎರಡರಲ್ಲೇ ದಾವೀದ ನಾಲ್ಕು ಸಲ "ಎಲ್ಲಿಯ ತನಕ" ಎಂದು ಕೇಳುತ್ತಾನೆ. 88ನೆಯದಂತೂ ಕತ್ತಲೆಯ ಮಾತಿನಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತುತಿಯೂ ಇಲ್ಲ. ಅದನ್ನೂ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ. ಹಾಡಲು ಆಗದ ದಿನ ಅದನ್ನೇ ಓದು, ಅದೂ ಪ್ರಾರ್ಥನೆಯೇ.

ಎಲೀಯನ ಹಾಗೆ ಸಾಕು ಅನ್ನಿಸಿದರೆ ಒಬ್ಬಳೇ ಇರಬೇಡ, ನಡುರಾತ್ರಿಯಾದರೂ ಫೋನ್ ಮಾಡು. ಕೌನ್ಸೆಲರ್ ಹತ್ತಿರ ಹೋಗುವುದು ನಂಬಿಕೆ ಕಡಿಮೆಯಾದ ಗುರುತಲ್ಲ, ಬೇಕಾದರೆ ನಾನೇ ಜೊತೆಗೆ ಬರುತ್ತೇನೆ. ಪ್ರಾರ್ಥನೆ ನಿನ್ನಿಂದ ಆಗದಿದ್ದರೂ ಚಿಂತೆಯಿಲ್ಲ. ನಾನು, ನಿನ್ನ ಅಮ್ಮ ನಿನ್ನ ಹೆಸರು ಹೇಳಿ ಮಾಡುತ್ತಿದ್ದೇವೆ. ಭಾನುವಾರ ಆರಾಧನೆಗೆ ಬರಲು ಮನಸ್ಸಾದರೆ ಹಿಂದಿನ ಸಾಲಿನಲ್ಲಿ ಕೂರೋಣ, ಯಾರೂ ಮಾತಾಡಿಸುವ ಮೊದಲೇ ಎದ್ದು ಬರೋಣ.

ನಿನ್ನ ಅಪ್ಪ