ಅಪ್ಪನಿಗೆ, ‘ಇಲ್ಲ’ದ ಬಗ್ಗೆ

ಬ್ರಿಸ್ಟಲ್
ಜುಲೈ 12

ತೀರ್ಥರೂಪ ಅಪ್ಪನಿಗೆ ಮಗಳ ನಮಸ್ಕಾರಗಳು.

ಪೆರ್ಲದಲ್ಲಿ ಮಳೆ ಬಿಡದೆ ಸುರಿಯುತ್ತಿದೆ ಎಂದು ಅಮ್ಮ ಹೇಳಿದಳು. ಅಡಿಕೆಗೆ ಮೊದಲ ಮದ್ದು ಬಿಡುವುದಕ್ಕಾದರೂ ಬಿಸಿಲು ಸಿಕ್ಕಿತೇ?

ಕಳೆದ ವಾರ ವಾರ್ಡಿನಲ್ಲಿ ನಡೆದ ಒಂದು ಸಂಗತಿಯನ್ನು ನಾನು ಫೋನಿನಲ್ಲಿ ಹೇಳಲಿಲ್ಲ. ರಾತ್ರಿ ಪಾಳಿ ಮುಗಿಸಿ ಹೊರಡುವ ಹೊತ್ತಿಗೆ ಹಿರಿಯ ನರ್ಸ್ ಕೇಳಿದರು: ‘ಆರನೇ ಹಾಸಿಗೆಯವರಿಗೆ ರಕ್ತದೊತ್ತಡದ ಮಾತ್ರೆ ಕೊಟ್ಟಿಲ್ಲವೇ?’ ಕೊಟ್ಟಿರಲಿಲ್ಲ. ಅವರ ರಕ್ತದೊತ್ತಡ ತೀರಾ ಇಳಿದಿದ್ದರಿಂದ ವೈದ್ಯರೇ ಬೇಡವೆಂದಿದ್ದರು. ನಾನು ‘ಎಸ್’ ಎಂದೆ. ನನ್ನ ಮನಸ್ಸಿನಲ್ಲಿದ್ದದ್ದು ‘ಹೌದು, ಕೊಟ್ಟಿಲ್ಲ’. ಅವರಿಗೆ ಕೇಳಿಸಿದ್ದು ‘ಕೊಟ್ಟಿದ್ದೇನೆ’. ಅವರ ಮುಖ ಬಿಳಿಚಿಕೊಂಡಿತು. ಓಡಿಹೋಗಿ ಚಾರ್ಟ್ ತೆರೆದು ನೋಡಿದರು. ಅದರಲ್ಲಿ ನಾನು ಸರಿಯಾಗಿಯೇ ಬರೆದಿದ್ದೆ. ಯಾರಿಗೂ ಏನೂ ಆಗಲಿಲ್ಲ. ಆದರೂ ಅಂದು ಹಗಲೆಲ್ಲ ನನಗೆ ನಿದ್ದೆ ಹತ್ತಲಿಲ್ಲ.

ನಾವು ಕೇಳಿದವರ ಮಾತನ್ನು ಒಪ್ಪಿ ಹೌದು ಎನ್ನುತ್ತೇವೆ. ಇಲ್ಲಿಯವರು ನಡೆದದ್ದನ್ನು ಮಾತ್ರ ನೋಡುತ್ತಾರೆ. ಪ್ರಶ್ನೆ ಹೇಗೇ ಇರಲಿ, ಕೆಲಸ ಆಗಿದ್ದರೆ ಎಸ್, ಆಗದಿದ್ದರೆ ನೋ. ಕಾಲೇಜಿನಲ್ಲಿ ಇಷ್ಟೊಂದು ವ್ಯಾಕರಣ ಕಲಿತರೂ ಇದೊಂದನ್ನು ಯಾರೂ ನನಗೆ ಒತ್ತಿ ಹೇಳಿರಲಿಲ್ಲ. ಈಗ ನಾನು ಬರಿಯ ಎಸ್, ನೋ ಬಿಟ್ಟು ‘ಮಾತ್ರೆ ಕೊಟ್ಟಿಲ್ಲ’ ಎಂದು ಪೂರ್ತಿ ವಾಕ್ಯವನ್ನೇ ಹೇಳುತ್ತೇನೆ. ತಂಗಿಯೂ ನರ್ಸಿಂಗ್ ಓದುತ್ತಿದ್ದಾಳಲ್ಲ, ಈ ಭಾಗವನ್ನು ಅವಳಿಗೆ ದಯವಿಟ್ಟು ಎರಡು ಸಲ ಓದಿ ಹೇಳಿ.

ನಮ್ಮ ಕಡೆಯ ಭಾಷೆಗಳಲ್ಲಿ ನಿಷೇಧ ವಾಕ್ಯದ ಕೊನೆಗೆ ಬಂದು ನೆಟ್ಟಗೆ ನಿಲ್ಲುತ್ತದೆ. ನಮ್ಮ ಇಲ್ಲ, ಅಲ್ಲ, ಬೇಡ. ತುಳುವಿನ ಇಜ್ಜಿ, ಅತ್ತ್, ಬೊಡ್ಚಿ. ಮಲಯಾಳದ ಇಲ್ಲ, ಅಲ್ಲ, ವೇಂಡ. ಕುಂಬಳೆ ಪೇಟೆಯಲ್ಲಿ ಯಾವ ಅಂಗಡಿಗೆ ಹೋದರೂ ಮೂರು ಕೆಲಸಕ್ಕೆ ಮೂರು ಮಾತು. ಇಂಗ್ಲಿಷಿನ ‘ನಾಟ್’ ಮಾತ್ರ ಕ್ರಿಯಾಪದಕ್ಕೆ ಅಂಟಿಕೊಂಡು ಕರಗಿಹೋಗುತ್ತದೆ. ‘ಕ್ಯಾನ್ ನಾಟ್’ ಎನ್ನುವುದು ಇಲ್ಲಿಯವರ ಬಾಯಲ್ಲಿ ‘ಕಾಂಟ್’. ಆ ಕೊನೆಯ ಟಕಾರವನ್ನೂ ಎಷ್ಟೋ ಸಲ ನುಂಗಿಬಿಡುತ್ತಾರೆ. ಆಗ ನನ್ನನ್ನು ಕಾಯುವುದು ನೀವು ಕಲಿಸಿದ ಹ್ರಸ್ವ, ದೀರ್ಘ. ಸ್ವರ ಗಿಡ್ಡವಾಗಿದ್ದರೆ ‘ಕ್ಯಾನ್’, ಅಂದರೆ ಆಗುತ್ತದೆ; ಎಳೆದರೆ ‘ಕಾಂಟ್’, ಅಂದರೆ ಆಗುವುದಿಲ್ಲ. ಕಡು ಬೇರೆ, ಕಾಡು ಬೇರೆ ಎಂದು ಬಲ್ಲ ಕಿವಿಗೆ ಇದು ಕಷ್ಟವಲ್ಲ.

‘ವಿಲ್ ನಾಟ್’ ಹೇಗೆ ‘ವೋಂಟ್’ ಆಯಿತು ಎಂದು ಹಿಂದೊಮ್ಮೆ ನಿಮ್ಮನ್ನು ಕೇಳಿದ್ದೆ. ವಿಲ್‌ಗೆ ಮಧ್ಯಕಾಲದ ಇಂಗ್ಲಿಷಿನಲ್ಲಿ ‘ವೊಲ್’ ಎಂಬ ರೂಪವೂ ಇತ್ತಂತೆ; ‘ವೊಲ್ ನಾಟ್’ ಸವೆದು ವೋಂಟ್ ಆಗಿದೆ. ವಿಲ್ ಎಂದರೆ ಮೂಲದಲ್ಲಿ ಇಚ್ಛಿಸು. ನನಗೆ ತಟ್ಟನೆ ನಮ್ಮ ‘ಒಲ್ಲೆ’ ನೆನಪಾಯಿತು. ಎರಡಕ್ಕೂ ನಂಟಿಲ್ಲ, ಗೊತ್ತು. ಆದರೂ ಒಲ್ಲೆ, ಅರಿಯೆ, ಕಾಣೆ ಎನ್ನುವಾಗ ‘ಇಲ್ಲ’ ಎಂಬ ಪದವೇ ಬೇಕಾಗದೆ ಕ್ರಿಯಾಪದವೇ ಇಲ್ಲ ಎನ್ನುತ್ತದಲ್ಲ, ಆ ಸೊಗಸು ನನಗೆ ಹೊಳೆದದ್ದು ಇಲ್ಲಿಗೆ ಬಂದ ಮೇಲೆ.

ಚಹಾ ಬೇಕೇ ಎಂದು ಇಲ್ಲಿ ಒಂದೇ ಸಲ ಕೇಳುತ್ತಾರೆ. ಮೊದಲ ದಿನ ಊರಿನ ಅಭ್ಯಾಸದಂತೆ ಬೇಡ ಎಂದೆ. ಮತ್ತೆ ಯಾರೂ ಒತ್ತಾಯಿಸಲಿಲ್ಲ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವ ಮಾತು ‘ಮಸಂಟ್ ಗ್ರಂಬಲ್’. ಗೊಣಗಬಾರದು ಎಂದು ಅದರ ಅರ್ಥ. ಹೇಗಿದ್ದೀರಿ ಎಂದು ಕೇಳಿದರೆ ವಯಸ್ಸಾದವರು ಹೀಗೆಂದು ನಗುತ್ತಾರೆ. ಅವರಿಗೆ ನೋವು ಇದೆಯೋ ಇಲ್ಲವೋ ಆ ಮಾತಿನಿಂದ ತಿಳಿಯುವುದಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವಾಗ ಮುಖ ನೋಡಬೇಕು, ಸರಳು ಹಿಡಿದ ಕೈ ನೋಡಬೇಕು. ಮೊನ್ನೆ ಒಬ್ಬ ಅಜ್ಜಿ ಹಾಗೆ ಹೇಳಿದಾಗ ನನಗೆ ನೀವೇ ಕಣ್ಣ ಮುಂದೆ ಬಂದಿರಿ.

ಅಪ್ಪ, ಹೋದ ಭಾನುವಾರ ನಾನು ‘ಮೊಣಕಾಲಿನ ನೋವು ಈಗ ಇಲ್ಲ ತಾನೇ?’ ಎಂದು ಕೇಳಿದೆ. ನೀವು ‘ಹೌದು’ ಎಂದಿರಿ. ಇಷ್ಟು ದೂರದಿಂದ ನನಗೆ ನಿಮ್ಮ ಮುಖ ಕಾಣುವುದಿಲ್ಲ. ನೋವು ಇದೆಯೋ, ಇಲ್ಲವೋ? ಪೂರ್ತಿ ವಾಕ್ಯದಲ್ಲಿ ಬರೆಯಿರಿ.

ನಿಮ್ಮ ಪ್ರೀತಿಯ ಮಗಳು