ತ್ರಿಕೋನ ಗೋಡೆಗೆ ಇನ್ನು ಮುಂದೆ ಒಂದೇ ತುಂಡಿನ ಉದ್ದ ಕಂಬ

ಮಾನ್ಯ ಗ್ರಾಹಕರೇ,

ಟೆರೇಸಿನ ಮೇಲೆ ಹಂಚಿನ ಮಾಡು ಹಾಕಿಸಿ, ಒಳಗೆ ಸೀಲಿಂಗ್ ಇಲ್ಲದೆ ನೆತ್ತಿಯವರೆಗೂ ತೆರೆದಿಡುವ ಹಾಲ್‌ಗಳಿಗೆ ಸಂಬಂಧಿಸಿದ ಪತ್ರವಿದು. ಇಂಥ ಮಾಡಿನ ಎರಡೂ ತುದಿಯ ತ್ರಿಕೋನ ಗೋಡೆ ಕಟ್ಟುವ ಕ್ರಮವನ್ನು ಬದಲಿಸುತ್ತಿದ್ದೇವೆ. 20 ಅಡಿ ಅಗಲದ ಹಾಲ್‌ಗೆ ಒಂದೊಂದು ತುದಿಯಲ್ಲಿ ಸುಮಾರು 100 ಕೆಜಿ ಕಬ್ಬಿಣ ಹೆಚ್ಚಾಗುತ್ತದೆ. ಬಿಲ್ಲಿನಲ್ಲಿ ಅದನ್ನು ನೋಡಿ ನೀವು ಕೇಳುವ ಮೊದಲೇ ಕಾರಣ ತಿಳಿಸುತ್ತಿದ್ದೇವೆ.

ಇದುವರೆಗೆ ಬ್ಲಾಕ್ ಗೋಡೆಯನ್ನು ಸೂರಿನ ಮಟ್ಟಕ್ಕೆ, ಅಂದರೆ 10 ಅಡಿಗೆ ನಿಲ್ಲಿಸಿ, ಅದರ ಮೇಲೆ 40×40 ಮಿಮೀ ಪೈಪಿನ ತ್ರಿಕೋನ ಚೌಕಟ್ಟು ಕೂರಿಸಿ ಸಿಮೆಂಟ್ ಬೋರ್ಡ್ ಹೊಡೆಯುತ್ತಿದ್ದೆವು. ನೋಡಲು ಚೊಕ್ಕವಾಗಿರುತ್ತದೆ, ಕೆಲಸವೂ ಬೇಗ. ಆದರೆ ಗೋಡೆ ಮತ್ತು ಚೌಕಟ್ಟು ಸೇರುವ ಗೆರೆ ಬಾಗಿಲಿನ ಬಿಜಾಗರಿಯ ಹಾಗೆ. ಗಾಳಿ ತಳ್ಳಿದರೆ ಅಲ್ಲೇ ಮಡಚುತ್ತದೆ. ಹಳೇ ಮನೆಗಳಲ್ಲಿ ಅದೇ ಮಟ್ಟದಲ್ಲಿ ಮುಚ್ಚಿಗೆಯ ತೊಲೆಗಳು ಗೋಡೆಯನ್ನು ಹಿಡಿದಿರುತ್ತಿದ್ದವು. ಮುಚ್ಚಿಗೆ ಬೇಡವೆಂದಾಗ ಆ ಹಿಡಿತವೂ ಹೋಯಿತು.

ಗಾಳಿಯ ಬಲವನ್ನು ಕಡಿಮೆ ಅಂದಾಜು ಮಾಡಬೇಡಿ. ಕಟ್ಟಡದ ಮೇಲಿನ ಭಾರ ಲೆಕ್ಕ ಹಾಕುವ ಭಾರತೀಯ ಮಾನಕ ಐಎಸ್ 875ರ ಪ್ರಕಾರ ಮಂಗಳೂರಿಗೆ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಬೆಂಗಳೂರಿಗೆ 33. ಆ 39ಕ್ಕೆ ಚದರ ಮೀಟರಿಗೆ 90 ಕೆಜಿ ಚಿಲ್ಲರೆ ಒತ್ತಡ ಬರುತ್ತದೆ. 20 ಅಡಿ ಅಗಲ, 30 ಡಿಗ್ರಿ ಇಳಿಜಾರಿನ ತ್ರಿಕೋನದ ಮೇಲೆ ಅದು ಹೆಚ್ಚು ಕಡಿಮೆ ಐದು ಕ್ವಿಂಟಾಲ್. ಬಯಲಿನ ಮನೆಗೂ ತೋಟದೊಳಗಿನ ಮನೆಗೂ ಲೆಕ್ಕ ಬೇರೆ ಬೇರೆ, ಅದನ್ನು ಸ್ಥಳ ನೋಡಿಯೇ ಹಾಕುತ್ತೇವೆ.

ಇನ್ನು ಮುಂದೆ ಸ್ಲ್ಯಾಬಿನಿಂದ ಮಾಡಿನ ಇಳಿಜಾರಿನವರೆಗೆ ನಡುವೆ ತುಂಡು ಸೇರಿಸದ ಕಂಬ: 100×50 ಮಿಮೀ ಪೈಪು, 4 ಮಿಮೀ ದಪ್ಪ, 5 ಅಡಿಗೊಂದು. 20 ಅಡಿ ಅಗಲಕ್ಕೆ ಮೂಲೆಕಂಬ ಬಿಟ್ಟು ಮೂರು. ನಡುಕಂಬ 15 ಅಡಿ 9 ಇಂಚು. ಪಕ್ಕದವು ಅದಕ್ಕಿಂತ 2 ಅಡಿ 10½ ಇಂಚು ಗಿಡ್ಡ. 50 ಮಿಮೀ ಮುಖ ಹೊರಗೆ ಕಾಣಬೇಕು, 100 ಮಿಮೀ ಗೋಡೆಯ ದಪ್ಪದೊಳಗೆ ಹೋಗಬೇಕು. ತಿರುಗಿಸಿ ನಿಲ್ಲಿಸಿದರೆ ಅದೇ ಪೈಪು ಸುಮಾರು ಮೂರು ಪಟ್ಟು ಹೆಚ್ಚು ಬಾಗುತ್ತದೆ. ಬುಡಕ್ಕೆ 10 ಮಿಮೀ ಪ್ಲೇಟು, 12 ಮಿಮೀ ಆಂಕರ್ ಬೋಲ್ಟು ನಾಲ್ಕು, ಅದೂ ಕೆಳಗೆ ಬೀಮ್ ಇರುವ ಕಡೆ. ಕಂಬಗಳ ನಡುವೆ 4 ಇಂಚಿನ ಬ್ಲಾಕು ಕಟ್ಟಿ, ಮೂರು ವರಸೆಗೊಮ್ಮೆ ಕಂಬಕ್ಕೆ ವೆಲ್ಡ್ ಮಾಡಿದ 6 ಮಿಮೀ ಸರಳು ಗಾರೆಯೊಳಗೆ ಬಿಡುತ್ತೇವೆ. ಸೂರಿನಿಂದ ಮೇಲೆ ಮೊದಲಿನಂತೆಯೇ ಬೋರ್ಡು.

ಕಂಬದ ತಲೆಯನ್ನು ಟ್ರಸ್ಸಿಗೆ, ಅಂದರೆ ಮಾಡನ್ನು ಹೊರುವ ಚೌಕಟ್ಟಿಗೆ, ವೆಲ್ಡ್ ಮಾಡುವುದಿಲ್ಲ. ಹಂಚು ಏರಿದ ಮೇಲೆ ಟ್ರಸ್ಸು ಕೆಲವು ಮಿಮೀ ಕೂರುತ್ತದೆ. ವೆಲ್ಡ್ ಮಾಡಿದ್ದರೆ ತುದಿಯ ಟ್ರಸ್ಸು ಕೂರದೆ ನಿಂತು, ಹಂಚಿನ ಸಾಲು ಅಲ್ಲಿ ಎದ್ದು ಕಾಣುತ್ತದೆ. ಅದಕ್ಕೇ ಉದ್ದ ತೂತಿನ ಕ್ಲಿಪ್ಪು: ಅಡ್ಡಕ್ಕೆ ಹಿಡಿಯುತ್ತದೆ, ಕೆಳಕ್ಕೆ ಬಿಡುತ್ತದೆ. ಬೋಲ್ಟು ಬಿಗಿ ಮಾಡುವುದು ಹಂಚು ಮುಗಿದ ಮೇಲೆ. ಇಷ್ಟೇ ಸಾಲದು. ಕಂಬ ಹೊತ್ತು ತಂದ ಗಾಳಿಯ ತಳ್ಳು ಕೊನೆಗೆ ತುದಿಯ ಟ್ರಸ್ಸಿಗೇ ಬರುವುದರಿಂದ, ಅದಕ್ಕೂ ಎರಡನೇ ಟ್ರಸ್ಸಿಗೂ ನಡುವೆ ಎರಡೂ ಇಳಿಜಾರಿನಲ್ಲಿ ಗುಣಾಕಾರ ಚಿಹ್ನೆಯಂತೆ ಸರಳು ಎಳೆದು ಕಟ್ಟುತ್ತೇವೆ. ಅದನ್ನು ಬಿಟ್ಟರೆ ಕಂಬ ಎಷ್ಟು ದಪ್ಪವಿದ್ದೂ ಪ್ರಯೋಜನವಿಲ್ಲ.

ತ್ರಿಕೋನದ ನಡುವೆ ಗಾಜು ಬೇಕೆನ್ನುವವರು ಪೈಪು ತರಿಸುವ ಮೊದಲೇ ಹೇಳಿ. ನಡುಕಂಬ ತೆಗೆದು ಗಾಜಿನ ಎರಡು ಬದಿಗೆ ಕಂಬ ಕೊಡಬಹುದು, ಆದರೆ ಅವು ಇನ್ನೂ ದಪ್ಪವಿರಬೇಕು. ಕಂಬ ನಿಂತ ಮೇಲೆ ಕತ್ತರಿಸಿ ಕೊಡುವುದಿಲ್ಲ, ದಯವಿಟ್ಟು ಒತ್ತಾಯಿಸಬೇಡಿ.

ಈಗಾಗಲೇ ನಮ್ಮಲ್ಲಿ ಹಳೇ ಕ್ರಮದಲ್ಲಿ ಮಾಡಿಸಿಕೊಂಡವರು ಒಳಗಿನಿಂದ ಸೂರಿನ ಮಟ್ಟ ನೋಡಿ. ಗೋಡೆಯುದ್ದಕ್ಕೂ ನೇರವಾಗಿ ಅಡ್ಡ ಬಿರುಕು ಕಂಡರೆ, ಅಥವಾ ಬೋರ್ಡಿನ ಕೆಳಗಿನ ಸಂದಿನಿಂದ ಮಳೆನೀರು ಇಳಿದ ಗುರುತಿದ್ದರೆ ತಿಳಿಸಿ. ಒಳಮುಖಕ್ಕೆ ಒತ್ತಿ ಉದ್ದ ಕಂಬ ನಿಲ್ಲಿಸಿ ಗೋಡೆಗೂ ಚೌಕಟ್ಟಿಗೂ ಬೋಲ್ಟು ಹಾಕಿಕೊಡುತ್ತೇವೆ. ಕಬ್ಬಿಣದ ದರ ಮಾತ್ರ ನಿಮ್ಮದು, ಕೂಲಿ ನಮ್ಮದು. ಮುಂಗಡ ಕೊಟ್ಟು ಕೆಲಸ ಶುರುವಾಗದವರಿಗೆ ಹೊಸ ಕ್ರಮದಲ್ಲೇ ಮಾಡುತ್ತೇವೆ, ಹಳೇ ಅಂದಾಜಿನ ದರಕ್ಕೇ.

ಇತಿ,
ನಿಮ್ಮ ಮಾಡಿನ ಕೆಲಸದವರು