ಸುಸ್ತಿಗೆ ಗ್ಲೂಕೋಸ್ ಬಾಟಲಿ ಸಾಲದು

ಮಾನ್ಯ ಸಂಪಾದಕರೇ,

ಪೀಣ್ಯದ ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೇ ಜಾಸ್ತಿ. ಭಾನುವಾರ ಪೂರ್ತಿ ಮಲಗಿದರೂ ಸೋಮವಾರ ಅದೇ ಸುಸ್ತು ಅನ್ನುತ್ತಾರೆ. ಕ್ಲಿನಿಕ್‌ಗೆ ಹೋದರೆ ಒಂದು ಬಾಟಲಿ ಗ್ಲೂಕೋಸ್, ಒಂದು ಟಾನಿಕ್. ಎರಡೇ ದಿನಕ್ಕೆ ಮತ್ತೆ ಕೈಕಾಲು ಸೋತು ಬರುತ್ತವೆ.

ಅವರ ದಿನ ಹೇಗಿರುತ್ತದೆ ನೋಡಿ. ಕತ್ತಲಿರುವಾಗಲೇ ಎದ್ದು ನೀರು ಹಿಡಿದು, ಬುತ್ತಿ ಕಟ್ಟಿ ಓಡಬೇಕು. ಅಲ್ಲಿ ಗಂಟೆಗಿಷ್ಟು ಪೀಸ್ ಅನ್ನೋ ಟಾರ್ಗೆಟ್. ಮೆಷಿನ್ ಬಿಟ್ಟು ಏಳಬೇಕಾಗುತ್ತದೆಂದು ನೀರನ್ನೇ ಕುಡಿಯದವರಿದ್ದಾರೆ. ರಾತ್ರಿ ಮಲಗಿದರೆ ಬಾಡಿಗೆ, ಸಂಘದ ಕಂತು, ಮಗನ ಫೀಸು ತಲೆಯಲ್ಲಿ ಸುತ್ತುತ್ತವೆ. ಒತ್ತಡವಾದಾಗ ಮೈಯಲ್ಲಿ ಏರುವ ಕಾರ್ಟಿಸೋಲ್ ಅನ್ನೋ ಹಾರ್ಮೋನ್ ರಾತ್ರಿ ಹೊತ್ತು ಇಳಿಯಬೇಕು. ಚಿಂತೆ ಬಿಡದಿದ್ದರೆ ಅದು ಸರಿಯಾಗಿ ಇಳಿಯದೇ ಇರಬಹುದು. ಗಾಢ ನಿದ್ದೆ ಬರಲ್ಲ, ದಣಿವು ಆರಲ್ಲ. ಇಂಥವರನ್ನು ಸೋಮಾರಿ ಅನ್ನುವುದು ಅನ್ಯಾಯ ಅಲ್ವಾ?

ಹಾಗಂತ ಎಲ್ಲವನ್ನೂ ಸುಮ್ನೆ ಟೆನ್ಷನ್ ಅಂತ ತಳ್ಳಿಹಾಕುವುದೂ ಸರಿಯಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ರಾಜ್ಯದಲ್ಲಿ 15ರಿಂದ 49 ವಯಸ್ಸಿನ ಹೆಚ್ಚುಕಮ್ಮಿ ಅರ್ಧದಷ್ಟು ಹೆಣ್ಣುಮಕ್ಕಳಿಗೆ ರಕ್ತಹೀನತೆಯಿದೆ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಆಗಲಿ. ಮನಸ್ಸಿನ ಭಾರ ಹೇಳಿಕೊಳ್ಳಲು ಸರ್ಕಾರದ ಸಹಾಯವಾಣಿ ಟೆಲಿ ಮಾನಸ್‌ನ 14416 ಇದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಈ ನಂಬರನ್ನು ಪ್ರತಿ ಫ್ಯಾಕ್ಟರಿ ಗೇಟಿನಲ್ಲಿ ದೊಡ್ಡದಾಗಿ ಬರೆಸಬೇಕು. ತಪಾಸಣೆಗೆ ಬರುವ ಅಧಿಕಾರಿಗಳು ಟಾರ್ಗೆಟ್ ಎಷ್ಟು, ಎದ್ದು ಹೋಗಲು ಬಿಡುತ್ತಾರಾ ಎಂದು ಹೆಣ್ಣುಮಕ್ಕಳನ್ನೇ ಕೇಳಬೇಕು, ಅದೂ ಸೂಪರ್‌ವೈಸರ್ ಪಕ್ಕದಲ್ಲಿ ಇಲ್ಲದಾಗ.

ಓದುಗರೊಬ್ಬರು, ಪೀಣ್ಯ, ಬೆಂಗಳೂರು